ಟೊರಾಂಟೊ ಬೇಸಿಗೆ, ನಿಂತ ಕಾರು, ಓಡುವ ಇಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಟೊರಾಂಟೊ ಸುತ್ತಮುತ್ತಲಿನ ನಮ್ಮ ಕನ್ನಡದ ಬಳಗದಲ್ಲಿ ಎರಡು ಸಂಗತಿ ಶುರುವಾಗುತ್ತವೆ. ಊರಿಂದ ಅಪ್ಪ-ಅಮ್ಮ ಬಂದಿಳಿಯುತ್ತಾರೆ. ಅವರನ್ನು ಕೂರಿಸಿಕೊಂಡು ಎಲ್ಲೆಂದರಲ್ಲಿ ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು ಕಾಯುವುದೂ ಹೆಚ್ಚುತ್ತದೆ. ಆಮೇಲೆ ನಿಂತ ಕಾರಿನ ಇಂಜಿನ್ ಓಡಿಸಬಾರದೆಂಬ ನಗರದ ನಿಯಮ ಮೀರಿದ್ದಕ್ಕೆ ಯಾರಿಗೋ ದಂಡದ ಟಿಕೆಟ್ ಬೀಳುತ್ತದೆ, ಇನ್ಯಾರಿಗೋ ದಾರಿಹೋಕರು ಕಿಟಕಿ ತಟ್ಟಿ ಬುದ್ಧಿ ಹೇಳುತ್ತಾರೆ, ಪ್ರಶ್ನೆಗಳು ನನ್ನ ಹತ್ತಿರ ಬರುತ್ತವೆ. ನಾನು ವಕೀಲನಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿ ಕಾರು ಓಡಿಸುತ್ತಿದ್ದೇನೆ, ಮನೆಯಲ್ಲಿ ಅಸ್ತಮಾ ಇರುವ ಮಗಳಿದ್ದಾಳೆ, ಅಷ್ಟೇ ನನ್ನ ಅರ್ಹತೆ.

ಈ ನಿಯಮ ನಿಜವಾಗಿ ಏನು ಹೇಳುತ್ತದೆ?

ಟೊರಾಂಟೊ ನಗರದ ಪುರಸಭಾ ಸಂಹಿತೆಯ 517ನೇ ಅಧ್ಯಾಯ ಇದು. ಯಾವುದೇ 60 ನಿಮಿಷದ ಅವಧಿಯಲ್ಲಿ 1 ನಿಮಿಷಕ್ಕಿಂತ ಹೆಚ್ಚು ಹೊತ್ತು ವಾಹನ ನಿಂತಲ್ಲೇ ನಿಂತು ಇಂಜಿನ್ ಓಡುತ್ತಿರಬಾರದು. ಎರಡೂ ಅಂಕಿಗಳನ್ನು ಒಟ್ಟಿಗೆ ಓದಬೇಕು. ಐವತ್ತು ಸೆಕೆಂಡ್ ಓಡಿಸಿ, ಆರಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಐವತ್ತು ಸೆಕೆಂಡ್ ಓಡಿಸುವ ಜಾಣತನಕ್ಕೆ ಅಲ್ಲಿ ಜಾಗ ಕೊಟ್ಟಿಲ್ಲ.

ಹಳೆಯ ಟೊರಾಂಟೊ ನಗರ ಇಂಥದ್ದೊಂದು ಬೈಲಾ ತಂದದ್ದು 1996ರಲ್ಲಿ, ಕೆನಡಾದಲ್ಲಿ ಅದೇ ಮೊದಲು. ಆಗ ಮಿತಿ 3 ನಿಮಿಷ ಇತ್ತು. 1998ರಲ್ಲಿ ಸುತ್ತಲಿನ ಊರುಗಳೆಲ್ಲ ಸೇರಿ ಈಗಿನ ದೊಡ್ಡ ಟೊರಾಂಟೊ ಆದ ಮೇಲೆ ನಿಯಮ ಅಲ್ಲಿಗೂ ಹಬ್ಬಿತು. 2010ರಲ್ಲಿ ಮಿತಿಯನ್ನು 1 ನಿಮಿಷಕ್ಕೆ ಇಳಿಸಿದರು. ಹಳಬರು ಈಗಲೂ "ಮೂರು ನಿಮಿಷ ಬಿಡ್ತಾರೆ ಕಣ್ರೀ" ಎನ್ನುವುದು ಅದಕ್ಕೇ. ಬಿಡುವುದಿಲ್ಲ.

ಹೊರಗೆ 33 ಡಿಗ್ರಿ, ಬೆವರು ಸುರಿಯುತ್ತಿದೆ. ಎಸಿಗಾಗಿ ಇಂಜಿನ್ ಓಡಿಸಿದರೂ ತಪ್ಪೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ಕೋಪದಿಂದ ಬರುವುದೂ ಇದೇ. ಉತ್ತರ: ಟೊರಾಂಟೊದಲ್ಲಿ ತಪ್ಪೇ. ಸೆಕೆಯಾಗುತ್ತದೆ ಎಂಬ ಕಾರಣ ಮಾಮೂಲಿ ಕಾರಿನವರನ್ನು ಉಳಿಸುವುದಿಲ್ಲ. ಕಾರಿನಲ್ಲಿರುವವರಿಗೆ ಆರೋಗ್ಯದ ದೃಷ್ಟಿಯಿಂದ ತಂಪು ಬೇಕೇ ಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದರೆ ಆ ಮಾತು ಬೇರೆ, ಅದಕ್ಕೆ ವಿನಾಯಿತಿ ಇದೆ. ಅಂಥವರು ಆ ಪತ್ರವನ್ನು ಕಾರಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಊರೂ ಹೀಗಿಲ್ಲ. ಒಟ್ಟಾವಾ 2007ರಲ್ಲಿ ಬೈಲಾ ತಂದಾಗ ಮಿತಿ ಗಂಟೆಗೆ 3 ನಿಮಿಷ ಇತ್ತು. ತೇವಾಂಶದ ಧಗೆಯನ್ನೂ ಚಳಿಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ತಾಪಮಾನ 5 ಡಿಗ್ರಿಗಿಂತ ಕೆಳಗಿಳಿದರೆ ಅಥವಾ 27 ಡಿಗ್ರಿ ದಾಟಿದರೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಒಟ್ಟಾವಾದ ಹವೆ ಬಲ್ಲವರು ಈ ಸಾಲು ಓದಿ ನಗುತ್ತಾರೆ. ವರ್ಷದಲ್ಲಿ 5ಕ್ಕೂ 27ಕ್ಕೂ ನಡುವೆ ಇರುವ ದಿನಗಳನ್ನು ಬಿಟ್ಟರೆ ಉಳಿದದ್ದೆಲ್ಲ ರಜೆ. ಹಾಂಗ್‌ಕಾಂಗ್‌ನಲ್ಲಿ 2011ರ ಡಿಸೆಂಬರ್‌ನಿಂದ ಇಂಥದೇ ಕಾನೂನು ಇದೆ. ಗಂಟೆಗೆ 3 ನಿಮಿಷ, ಮೀರಿದರೆ 320 ಹಾಂಗ್‌ಕಾಂಗ್ ಡಾಲರ್ ದಂಡ. ಆದರೆ ಅಲ್ಲಿನ ಹವಾಮಾನ ಇಲಾಖೆ 'ಅತಿ ಬಿಸಿ ಹವೆ'ಯ ಎಚ್ಚರಿಕೆ ಕೊಟ್ಟಾಗ ಚಾಲಕರಿಗೆ ವಿನಾಯಿತಿ. ಅಲ್ಲಿ ದೊಡ್ಡ ಗಲಾಟೆ ಎಬ್ಬಿಸಿದವರು ಟ್ಯಾಕ್ಸಿ ಮತ್ತು ಮಿನಿಬಸ್ ಚಾಲಕರು. ಇಡೀ ದಿನ ತಗಡಿನ ಡಬ್ಬಿಯೊಳಗೆ ಕೂರುವವರು ಅವರೇ ಅಲ್ಲವೇ?

ನನ್ನ ಅಭಿಪ್ರಾಯ ಕೇಳಿದರೆ, ಸೆಕೆಯ ದಿನವೇ ನಿಯಮ ಸಡಿಲಿಸುವುದು ಮಳೆ ಬಂದಾಗ ಮಾತ್ರ ಕೊಡೆ ಮಡಚಿಟ್ಟಂತೆ. ಹೊಗೆಯ ಕಾಟ ಹೆಚ್ಚುವುದೇ ಆ ದಿನಗಳಲ್ಲಿ. ಆದರೂ ಎಸಿ ಇರುವ ಆಫೀಸಿನಿಂದ ಎಸಿ ಇರುವ ಮನೆಗೆ ಹೋಗುವ ನನ್ನಂಥವನು ಕಾಯುವ ಐದು ನಿಮಿಷ, ಹತ್ತು ತಾಸು ವ್ಯಾನಿನಲ್ಲೇ ಬದುಕುವ ಡೆಲಿವರಿ ಹುಡುಗನ ಐದು ನಿಮಿಷ, ಎರಡೂ ಒಂದೇ ಅಲ್ಲ. ಬೈಲಾ ಎರಡನ್ನೂ ಒಂದೇ ಗಡಿಯಾರದಿಂದ ಅಳೆಯುತ್ತದೆ. ಅದು ಅದರ ಕೊರತೆ ಎಂದೇ ನನಗನ್ನಿಸುತ್ತದೆ.

ಬಿಸಿಗೂ ಹೊಗೆಮಂಜಿಗೂ ಏನು ಸಂಬಂಧ?

ನಮಗೆ ಹೊಗೆಮಂಜು ಎಂದರೆ ದೀಪಾವಳಿ ಆದಮೇಲಿನ ದಿಲ್ಲಿ ಕಣ್ಮುಂದೆ ಬರುತ್ತದೆ: ಚಳಿ, ಬೂದು ಬಣ್ಣ, ಕೂಳೆ ಸುಟ್ಟ ಹೊಗೆ. ಟೊರಾಂಟೊದ್ದು ಬೇರೆ ಜಾತಿ. ಇದು ಬೇಸಿಗೆಯದು, ಬಿಸಿಲಿನದು, ಎಷ್ಟೋ ಸಲ ಆಕಾಶ ನೀಲಿಯಾಗಿದ್ದಾಗಲೂ ಇರುವಂಥದು.

ಇದರ ಮುಖ್ಯ ಪಾತ್ರಧಾರಿ ಓಝೋನ್. ಮೇಲೆ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಅನಿಲವೇ ನೆಲಮಟ್ಟದಲ್ಲಿ ಶ್ವಾಸಕೋಶಕ್ಕೆ ಉರಿ. ಇದು ಯಾವ ಸೈಲೆನ್ಸರಿನಿಂದಲೂ ನೇರವಾಗಿ ಬರುವುದಿಲ್ಲ. ಇಂಜಿನ್ನು ಉಗುಳುವ ನೈಟ್ರೋಜನ್ ಆಕ್ಸೈಡುಗಳು, ಪೆಟ್ರೋಲು-ಬಣ್ಣ-ದ್ರಾವಕಗಳಿಂದ ಆವಿಯಾಗುವ ಸಾವಯವ ಅನಿಲಗಳು, ಇವೆರಡೂ ಬಿಸಿಲಿನಲ್ಲಿ ಬೆರೆತು ಗಾಳಿಯಲ್ಲೇ ಅದು ತಯಾರಾಗುತ್ತದೆ. ಬೇಸಿಗೆಯಲ್ಲಿ ಹೆಪ್ಪು ಹಾಕಿದ ಹಾಲು ಬೇಗ ಮೊಸರಾಗಿ ಮಧ್ಯಾಹ್ನಕ್ಕೆ ಹುಳಿ ಬರುವುದಿಲ್ಲವೇ, ಹಾಗೆ. ಬೆಳಗ್ಗಿನ ವಾಹನ ದಟ್ಟಣೆ ಹೆಪ್ಪು ಹಾಕುತ್ತದೆ, ನಡುಹಗಲ ಬಿಸಿಲು ಕೆಲಸ ಮುಗಿಸುತ್ತದೆ. ಅದಕ್ಕೇ ಓಝೋನ್ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಗಾಳಿ ಬೀಸದೆ ಧಗೆ ಎರಡು ಮೂರು ದಿನ ಕೂತುಬಿಟ್ಟರೆ ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ.

ಹಾಗಾದರೆ ನಿಂತ ಕಾರುಗಳನ್ನೆಲ್ಲ ಆರಿಸಿದರೆ ಹೊಗೆಮಂಜು ಹೋಗುತ್ತದೆಯೇ?

ಇಲ್ಲ. ಹೋಗುತ್ತದೆ ಎಂದು ಪ್ರಚಾರದ ಕರಪತ್ರಗಳು ಸೂಚಿಸಿದರೂ ನಾನು ಹಾಗೆ ಹೇಳಲಾರೆ.

ದಕ್ಷಿಣ ಒಂಟಾರಿಯೊದ ಬೇಸಿಗೆ ಹೊಗೆಮಂಜಿನಲ್ಲಿ ದೊಡ್ಡ ಪಾಲು ಗಡಿ ದಾಟಿ ಅಮೆರಿಕದಿಂದ ಬರುವಂಥದು. ಒಹಾಯೊ ಕಣಿವೆಯ ಕಡೆಯಿಂದ ನೈಋತ್ಯದ ಬಿಸಿಗಾಳಿ ಬೀಸಿದಾಗ ಅಲ್ಲಿನ ವಿದ್ಯುತ್ ಸ್ಥಾವರಗಳ ಹೊಗೆಯೂ ಜೊತೆಗೇ ಬರುತ್ತದೆ. ಇಲ್ಲಿಯದೇ ಪಾಲಿನಲ್ಲಿ ಕಲ್ಲಿದ್ದಲಿನದೂ ಸಾಕಷ್ಟಿತ್ತು. 2005ರಲ್ಲಿ ಒಂಟಾರಿಯೊದಲ್ಲಿ 53 ದಿನ ಹೊಗೆಮಂಜಿನ ಎಚ್ಚರಿಕೆ ಜಾರಿಯಲ್ಲಿತ್ತು. ಆಗ ತಾನೇ ಬಂದಿದ್ದ ನನಗೆ ಇದೇ ಇಲ್ಲಿನ ಮಾಮೂಲಿ ಬೇಸಿಗೆ ಎನಿಸಿತ್ತು. ಅದೇ ವರ್ಷ ಪಕ್ಕದ ಮಿಸ್ಸಿಸಾಗಾ ನಗರದ ಲೇಕ್‌ವ್ಯೂ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲೇ ಅತಿ ದೊಡ್ಡ ಕಲ್ಲಿದ್ದಲು ಸ್ಥಾವರವಾಗಿದ್ದ ನ್ಯಾಂಟಿಕೋಕ್ 2013ರ ಕೊನೆಗೆ ಕಲ್ಲಿದ್ದಲು ಉರಿಸುವುದನ್ನು ನಿಲ್ಲಿಸಿತು, 2014ರಲ್ಲಿ ಪ್ರಾಂತ್ಯದ ಕೊನೆಯ ಸ್ಥಾವರವೂ ನಿಲ್ಲಿಸಿತು. ಈಗಿನ ಬೇಸಿಗೆಗಳಿಗೂ 2005ಕ್ಕೂ ಹೋಲಿಕೆಯೇ ಇಲ್ಲ. ಆ ವ್ಯತ್ಯಾಸ ನಾನೂ ನೀವೂ ಕಾರಿನ ಕೀಲಿ ತಿರುಗಿಸಿದ್ದರಿಂದ ಬಂದದ್ದಲ್ಲ.

ಇನ್ನೊಂದು ವಿಚಿತ್ರವಿದೆ. ವಾಹನದ ಹೊಗೆಯಲ್ಲಿ ಹೊಸದಾಗಿ ಬರುವ ನೈಟ್ರಿಕ್ ಆಕ್ಸೈಡ್ ಅಲ್ಲೇ ಇರುವ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ದಟ್ಟ ವಾಹನಗಳ ಪೇಟೆಬೀದಿಗಿಂತ ಗಾಳಿ ಹೋಗುವ ದಿಕ್ಕಿನ ಹಳ್ಳಿಗಳಲ್ಲಿ ಓಝೋನ್ ಹೆಚ್ಚಿರುವುದುಂಟು. "ಪೇಟೆ ಗಾಳಿ ಬೇಡ" ಎಂದು ವಾರಾಂತ್ಯಕ್ಕೆ ಕಾಟೇಜಿಗೆ ಓಡುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಮತ್ತೆ ಈ ನಿಯಮ ಯಾಕೆ ಬೇಕು?

ನಿಮ್ಮ ಕಾರಿನ ಹಿಂದೆ ನಿಂತಿರುವವರಿಗಾಗಿ.

ಇಡೀ ನಗರದ ಆಕಾಶದ ಲೆಕ್ಕ ಬಿಡಿ. ಸೈಲೆನ್ಸರಿನಿಂದ ಐದಾರು ಅಡಿ ದೂರದ ಗಾಳಿಯ ಲೆಕ್ಕ ಹಿಡಿಯಿರಿ. ಅಲ್ಲಿ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಅತಿ ಸಣ್ಣ ಕಣಗಳು ಎಲ್ಲ ಬಿಸಿಬಿಸಿಯಾಗಿ ಸಿಗುತ್ತವೆ. ಹೊಗೆಕೊಳವೆಯ ಬಾಯಿ ಇರುವ ಎತ್ತರ ನೋಡಿದ್ದೀರಾ? ತಳ್ಳುಗಾಡಿಯಲ್ಲಿ ಕೂತ ಮಗುವಿನ ಮುಖಕ್ಕೆ ಅದು ನಮ್ಮ ಮುಖಕ್ಕಿಂತ ಎಷ್ಟೋ ಹತ್ತಿರ. ಓಝೋನಿನಿಂದ ಆಗಲೇ ಗಂಟಲು ಕೆರೆಯುತ್ತಿರುವ, ಉಸಿರ್ನಾಳ ಬಿಗಿದಿರುವ ದಿನ ಅದೇ ಮಗು ಶಾಲೆಯ ಗೇಟಿನಲ್ಲಿ ಹತ್ತು ಕಾರುಗಳ ಸಾಲಿನ ಪಕ್ಕ ನಡೆದು ಬರುತ್ತದೆ.

ಇಲ್ಲಿನ ಶಾಲೆಗಳಲ್ಲಿ ಮಕ್ಕಳನ್ನು ಇಳಿಸಿ ಹತ್ತಿಸಲು 'ಕಿಸ್ ಆಂಡ್ ರೈಡ್' ಎಂಬ ಓಣಿ ಇರುತ್ತದೆ. ಜೂನ್ ತಿಂಗಳ ಮೂರೂವರೆ ಗಂಟೆಯ ಬಿಸಿಲಲ್ಲಿ ಅಲ್ಲೊಮ್ಮೆ ಕಿಟಕಿ ಇಳಿಸಿಕೊಂಡು ನಿಂತು ನೋಡಿ. ನನ್ನ ಮಗಳು ಮೂರನೇ ತರಗತಿಯಲ್ಲಿದ್ದಾಗ ಗೇಟಿನಿಂದ ನನ್ನ ಕಾರಿಗೆ ಬರುವಷ್ಟರಲ್ಲಿ ಇನ್ಹೇಲರ್ ಕೈಗೆ ಬಂದಿರುತ್ತಿತ್ತು. ಒಂದು ದಿನ ಅವಳೇ ಕೇಳಿದಳು, "ಅಪ್ಪಾ, ನಮ್ ಕಾರೂ ಹಿಂದೆ ಹೀಗೇ ವಾಸನೆ ಬಿಡ್ತಾ ಇತ್ತಾ?" ಆ ಹೊತ್ತಿಗೂ ನನ್ನ ಇಂಜಿನ್ ಓಡುತ್ತಲೇ ಇತ್ತು.

ಸಿಗ್ನಲ್‌ನಲ್ಲಿ ನಿಂತರೆ? ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ?

ಟ್ರಾಫಿಕ್‌ನಿಂದ ನಿಂತದ್ದಕ್ಕೆ ನಿಯಮ ತಾಗುವುದಿಲ್ಲ. ಕೆಟ್ಟ ಹವೆಯಿಂದ ಮುಂದೆ ಹೋಗಲಾಗದೆ ನಿಂತದ್ದು, ತುರ್ತು ಸಂದರ್ಭ, ಗಾಡಿ ಕೆಟ್ಟು ನಿಂತದ್ದು, ಇವೂ ಹಾಗೆಯೇ. ಅಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ವಾಹನಗಳಿಗೆ, ಬ್ಯಾಂಕಿನ ಹಣ ಸಾಗಿಸುವ ಗಾಡಿಗಳಿಗೆ, ಇಂಜಿನ್ ಶಕ್ತಿಯಿಂದಲೇ ತಮ್ಮ ಕೆಲಸ ಮಾಡುವ ಗಾಡಿಗಳಿಗೆ, ಮೆರವಣಿಗೆಯ ವಾಹನಗಳಿಗೆ, ಪ್ರಯಾಣಿಕರು ಹತ್ತಿ ಇಳಿಯುತ್ತಿರುವ ಬಸ್ಸುಗಳಿಗೆ ವಿನಾಯಿತಿ ಇದೆ. "ಅಮ್ಮ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೋಗಿದ್ದಾರೆ" ಎಂಬುದು ಆ ಪಟ್ಟಿಯಲ್ಲಿಲ್ಲ.

ದಿಲ್ಲಿ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ಶುರುಮಾಡಿದ 'ರೆಡ್ ಲೈಟ್ ಆನ್, ಗಾಡಿ ಆಫ್' ಸರಿಯಾಗಿ ಇದರ ತಲೆಕೆಳಗು. ಅಲ್ಲಿ ಕೆಂಪು ದೀಪದಲ್ಲೇ ಆರಿಸಿ ಎಂದರು. ಅದು ಕಾನೂನಲ್ಲ, ಮನವೊಲಿಸುವ ಅಭಿಯಾನ. ನಮ್ಮ ಬೆಂಗಳೂರಿನ ಆಟೋ ಚಾಲಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿಗ್ನಲ್ಲಿನ ಸೆಕೆಂಡುಗಳು ಉದ್ದವಿದ್ದರೆ ಇಂಜಿನ್ ಆಫ್, ದೀಪ ಹಸಿರಾಗುವ ಮುಂಚೆ ಮತ್ತೆ ಸ್ಟಾರ್ಟ್, ಇಳಿಜಾರು ಸಿಕ್ಕರೆ ಅಲ್ಲೂ ಆಫ್. ಇಳಿಜಾರಿನದ್ದು ಅಪಾಯದ ಅಭ್ಯಾಸ, ನಕಲು ಮಾಡಬೇಡಿ.

ಮತ್ತೆ ಮತ್ತೆ ಆರಿಸಿ ಹಚ್ಚಿದರೆ ಪೆಟ್ರೋಲ್ ಜಾಸ್ತಿ ಕುಡಿಯುವುದಿಲ್ಲವೇ? ಸ್ಟಾರ್ಟರ್ ಹಾಳಾಗುವುದಿಲ್ಲವೇ?

ಕಾರ್ಬುರೇಟರ್ ಕಾಲದ ನಂಬಿಕೆ ಇದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಚಿಕ್ಕಪ್ಪ-ದೊಡ್ಡಪ್ಪಂದಿರು ಇದನ್ನು ವೇದವಾಕ್ಯದಂತೆ ಹೇಳುತ್ತಾರೆ. ಆಗ ನಿಜವೂ ಇದ್ದೀತು, ಬೆಳಗ್ಗೆ ಒಮ್ಮೆ ಹಚ್ಚಿದ್ದನ್ನು ಆರಿಸಲು ಯಾರಿಗೆ ಧೈರ್ಯ?

ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನೆ ಓಡಿದರೆ ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವುದಕ್ಕಿಂತ ಹೆಚ್ಚು ಇಂಧನ ಸುಡುತ್ತದೆ. ಸ್ಟಾರ್ಟರ್, ಬ್ಯಾಟರಿಗಳ ಸವೆತವನ್ನೂ ಸೇರಿಸಿ, 60 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸಿ ಎನ್ನುತ್ತದೆ ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಟೊರಾಂಟೊದ 1 ನಿಮಿಷಕ್ಕೂ ಇದು ಸರಿಯಾಗಿ ಹೊಂದುತ್ತದೆ. 3 ಲೀಟರ್ ಇಂಜಿನ್ನು 10 ನಿಮಿಷ ನಿಂತಲ್ಲೇ ಓಡಿದರೆ ಸುಮಾರು 300 ಮಿಲಿಲೀಟರ್ ಪೆಟ್ರೋಲ್ ಖಾಲಿ ಎಂಬುದೂ ಅದೇ ಇಲಾಖೆಯ ಲೆಕ್ಕ. ಹೆಚ್ಚುಕಡಿಮೆ ಎರಡು ದೊಡ್ಡ ಲೋಟ ಕಾಫಿಯಷ್ಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್.

ನನ್ನಮ್ಮ ಹಾಸನದಿಂದ ಬಂದಿದ್ದಾಗ ಈ ಯಾವ ಅಂಕಿಯೂ ಬೇಕಾಗಲಿಲ್ಲ. "ಒಲೆ ಮೇಲೆ ಏನೂ ಇಲ್ದೆ ಯಾಕೋ ಉರಿಸ್ತಾ ಕೂತಿದೀಯ?" ಎಂದರು.

ನನ್ನ ಕಾರು ತಾನೇ ಆಫ್ ಆಗುತ್ತದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರ ಕಥೆ ಏನು?

ಎಲೆಕ್ಟ್ರಿಕ್ ಕಾರಿನಲ್ಲಿ ಓಡಲು ಇಂಜಿನ್ನೇ ಇಲ್ಲ, ನಿಶ್ಚಿಂತೆಯಿಂದ ಎಸಿ ಹಾಕಿಕೊಳ್ಳಿ. ಹೈಬ್ರಿಡ್‌ನಲ್ಲಿ ಎಸಿ ಬ್ಯಾಟರಿ ಹೀರಿದಂತೆ ನಡುನಡುವೆ ಇಂಜಿನ್ ತಾನಾಗಿ ಎದ್ದು ಕೂರುತ್ತದೆ, ಅದರ ಮೇಲೆ ಕಣ್ಣಿರಲಿ. ನಿಂತಾಗ ಇಂಜಿನ್ ತಾನೇ ಆರುವ ಸ್ಟಾರ್ಟ್-ಸ್ಟಾಪ್ ಸೌಲಭ್ಯದ ಪೆಟ್ರೋಲ್ ಕಾರುಗಳು ಧಗೆಯ ದಿನ ಮೋಸ ಮಾಡುತ್ತವೆ: ಒಳಗೆ ತಂಪು ಸಾಲದು ಎನಿಸಿದರೆ ಕಂಪ್ರೆಸರ್‌ಗಾಗಿ ಇಂಜಿನ್ನನ್ನು ಆರಿಸುವುದೇ ಇಲ್ಲ. "ನನ್ನ ಕಾರಿನಲ್ಲಿ ಆ ಸೌಲಭ್ಯ ಇದೆ" ಎಂದು ಅಧಿಕಾರಿಗೆ ಹೇಳುವ ಮುಂಚೆ ಅದು ನಿಜಕ್ಕೂ ಆಫ್ ಆಗಿದೆಯೇ ನೋಡಿಕೊಳ್ಳಿ.

ಬಿಸಿಲಲ್ಲಿ ನಿಂತಿದ್ದ ಕಾರು ಕಾದ ಹೆಂಚಿನಂತಿರುತ್ತದೆ. ಹೊರಡುವ ಮುಂಚೆ ತಂಪು ಮಾಡಿಕೊಳ್ಳಬೇಡವೇ?

ನಿಂತಲ್ಲೇ ತಂಪು ಮಾಡುವುದು ಅತಿ ನಿಧಾನದ ದಾರಿ. ನಾಲ್ಕೂ ಬಾಗಿಲು ಒಂದರ್ಧ ನಿಮಿಷ ತೆರೆದಿಡಿ, ಒಳಗಿನ ಬಿಸಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಇಳಿಸಿಕೊಂಡೇ ಹೊರಟು, ಮೊದಲ ತಿರುವು ದಾಟಿದ ಮೇಲೆ ಏರಿಸಿ ಎಸಿ ಹಾಕಿ. ಇಂಜಿನ್ ವೇಗವಾಗಿ ತಿರುಗುವಾಗ ಎಸಿಯೂ ಚುರುಕು. ಮುಂಗಾಜಿಗೆ ಬಿಸಿಲು ತಡೆಯುವ ಹಾಳೆ ಹಾಕಿಟ್ಟರೆ ಸ್ಟೀರಿಂಗ್ ಹಿಡಿಯುವಂತಾದರೂ ಇರುತ್ತದೆ. ಮುಂದಿನ ಲಾರಿಯ ಹೊಗೆ ಒಳಗೆ ಬರುತ್ತಿದ್ದರೆ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ.

ಮಗುವನ್ನೋ ವಯಸ್ಸಾದವರನ್ನೋ ಕಾರಿನಲ್ಲಿ ಬಿಟ್ಟು ಎಸಿ ಹಾಕಿ ಹೋಗಬಹುದೇ?

ಬೇಡ. ಆರಿಸಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಬೆರಳಷ್ಟು ತೆರೆದಿದ್ದರೂ ಹೆಚ್ಚು ಉಪಯೋಗವಿಲ್ಲ. ಚಿಕ್ಕ ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ. ಮಗುವನ್ನು ಎತ್ತಿಕೊಂಡೇ ಅಂಗಡಿಗೆ ಹೋಗಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲಿ ಎಸಿ ಪುಕ್ಕಟೆ. ಒಂಟಿಯಾಗಿ ಕಾರಿನೊಳಗೆ ಸುಸ್ತಾಗಿರುವ ಮಗುವನ್ನು ಕಂಡರೆ ಬೈಲಾ ಗೀಲಾ ಯೋಚಿಸದೆ ತುರ್ತು ಸೇವೆಯ 911ಕ್ಕೆ ಕರೆ ಮಾಡಿ.

ಟಿಕೆಟ್ ಕೊಡುವವರು ಯಾರು? ದೂರು ಕೊಡಬಹುದೇ?

ನಗರದ ಅಧಿಕಾರಿಗಳು ಕೊಡುತ್ತಾರೆ. ದೂರು ನಗರದ ಸಹಾಯವಾಣಿ 311ಕ್ಕೆ. ಆದರೆ ಯಾರಾದರೂ ನಿಂತು ನಿಮಿಷ ಎಣಿಸಬೇಕು, ಅಷ್ಟರಲ್ಲಿ ಕಾರೇ ಹೊರಟಿರುತ್ತದೆ. ಹಾಗಾಗಿ ಈ ನಿಯಮದ ಬಲ ದಂಡಕ್ಕಿಂತ ಹೆಚ್ಚಾಗಿ ಕಿಟಕಿ ತಟ್ಟಿ ಹೇಳುವುದರಲ್ಲೇ ಇದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳು ಹಾಕಬಹುದಾದ ಸ್ಥಿರ ದಂಡವೇ 20 ಪೌಂಡ್, ಅದೂ ಆರಿಸಿ ಎಂದರೂ ಆರಿಸದಿದ್ದರೆ.

ನ್ಯೂಯಾರ್ಕ್ ಮಾತ್ರ ಬೇರೆಯದೇ ಆಟ ಹೂಡಿದೆ. ಅಲ್ಲಿ ಮಿತಿ 3 ನಿಮಿಷ, ಶಾಲೆಯ ಪಕ್ಕ 1 ನಿಮಿಷ. ಇಂಜಿನ್ ಓಡಿಸುತ್ತ ನಿಂತ ಟ್ರಕ್ಕು-ಬಸ್ಸುಗಳನ್ನು ಜನಸಾಮಾನ್ಯರೇ ಸಮಯದ ಸಮೇತ ವಿಡಿಯೊ ಮಾಡಿ ದೂರು ಕೊಡಬಹುದು. ನಗರವೇ ಪ್ರಕರಣ ನಡೆಸಿದರೆ ದಂಡದ ಕಾಲುಭಾಗ ದೂರುದಾರರಿಗೆ. ಅದನ್ನೇ ಸಂಪಾದನೆ ಮಾಡಿಕೊಂಡವರೂ ಇದ್ದಾರೆ, ಅವರಿಗೂ ಲಾರಿ ಚಾಲಕರಿಗೂ ಬೀದಿಯಲ್ಲಿ ಜಗಳವೂ ಆಗಿದೆ. ಟೊರಾಂಟೊಗೆ ಅದು ಬೇಡ ಎನ್ನುವವನು ನಾನು.

ನಾನಿರುವುದು ಮಿಸ್ಸಿಸಾಗಾ. ನನಗೂ ಇದೇ ನಿಯಮವೇ?

ಅಲ್ಲ. ಇದು ನಗರದಿಂದ ನಗರಕ್ಕೆ ಬದಲಾಗುತ್ತದೆ, ನಿಮ್ಮ ನಗರದ ಬೈಲಾ ನೋಡಿಕೊಳ್ಳಿ. ಹೆಸರಿನಲ್ಲಿ ಟೊರಾಂಟೊ ಇದ್ದರೂ ಪಿಯರ್ಸನ್ ವಿಮಾನ ನಿಲ್ದಾಣದ ಬಹುಪಾಲು ಇರುವುದು ಮಿಸ್ಸಿಸಾಗಾದಲ್ಲಿ. ಹೊಸಬರು ಇಲ್ಲೇ ಎಡವುತ್ತಾರೆ.

ಇವತ್ತು ಗಾಳಿ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಒಂಟಾರಿಯೊದಲ್ಲಿ 2015ರಿಂದ ಬಳಕೆಯಲ್ಲಿರುವುದು ವಾಯು ಗುಣಮಟ್ಟ ಆರೋಗ್ಯ ಸೂಚ್ಯಂಕ. 1ರಿಂದ 3 ಕಡಿಮೆ ಅಪಾಯ, 4ರಿಂದ 6 ಮಧ್ಯಮ, 7ರಿಂದ 10 ಹೆಚ್ಚು, 10ರ ಮೇಲೆ ಅತಿ ಹೆಚ್ಚು. ಓಝೋನ್, ನೈಟ್ರೋಜನ್ ಡೈಆಕ್ಸೈಡ್, ಪಿಎಂ 2.5 ಎಂಬ ಅತಿ ಸಣ್ಣ ಕಣ ಮೂರನ್ನೂ ಸೇರಿಸಿದ ಅಂಕಿ ಅದು. ಭಾರತದ 500ರವರೆಗಿನ ಎಕ್ಯೂಐ ಜೊತೆ ಹೋಲಿಸಿ "ಬರೀ ಏಳಾ?" ಎಂದು ಊರಿನವರು ನಗುತ್ತಾರೆ. ಅಳತೆಗೋಲೇ ಬೇರೆ ಎಂದು ಹೇಳಿ. 2023ರ ಜೂನ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬಂದಾಗ ಇಲ್ಲಿನ ಆಕಾಶ ದಿಲ್ಲಿಯ ಆಕಾಶದಂತೆಯೇ ಇತ್ತು.

ಅಸ್ತಮಾ, ಹೃದಯದ ತೊಂದರೆ ಇರುವವರು ಅಂಥ ದಿನ ಓಡಾಟ, ಆಟ ಎಲ್ಲವನ್ನೂ ಬೆಳಗ್ಗೆಗೆ ಇಟ್ಟುಕೊಳ್ಳಿ. ಓಝೋನಿನ ದಿನವಾದರೆ ಇದು ಫಲಿಸುತ್ತದೆ, ಕಾಡ್ಗಿಚ್ಚಿನ ಹೊಗೆಗೆ ಹೊತ್ತುಗೊತ್ತಿಲ್ಲ.

ಊರಿಗೆ ಹೋದಾಗ ಬೆಂಗಳೂರಿನಲ್ಲೂ ಇಂಥ ಕಾನೂನು ಇದೆಯೇ?

ನಿಮಿಷ ಎಣಿಸುವಂಥದ್ದನ್ನು ನಾನು ಅಲ್ಲಿ ಕಂಡಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಒಂದಿದೆ: ಲೈಸೆನ್ಸ್ ಇರುವ ಚಾಲಕ ಸೀಟಿನಲ್ಲಿಲ್ಲದಿದ್ದರೆ ಸಾರ್ವಜನಿಕ ಜಾಗದಲ್ಲಿ ನಿಂತ ಗಾಡಿಯ ಇಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು. ಗಾಡಿ ತಾನಾಗಿ ಉರುಳದಿರಲಿ ಎಂಬ ಕಾಳಜಿ ಅದು, ಹೊಗೆಯದ್ದಲ್ಲ.

ಕೊನೆಯದು, ತಮಾಷೆಗೆ: ಈ ಬೈಲಾ ದೋಣಿಗೂ ಅನ್ವಯಿಸುತ್ತದೆಯಂತೆ, ಹೌದೇ?

ತಮಾಷೆಯಲ್ಲ, ಅಧ್ಯಾಯದ ಹೆಸರಿನಲ್ಲೇ ವಾಹನ ಮತ್ತು ದೋಣಿ ಎಂದಿದೆ. ಕಟ್ಟೆಗೆ ಕಟ್ಟಿದ ಅಥವಾ ಲಂಗರು ಹಾಕಿದ ದೋಣಿಗೂ ಅದೇ 1 ನಿಮಿಷ. ಬಿಚ್ಚಿ ಒಂಟಾರಿಯೊ ಸರೋವರಕ್ಕಿಳಿದ ಮೇಲೆ ನಿಮ್ಮ ಇಷ್ಟ.